‘ದಡ್ಡ’ ಮಕ್ಕಳು ಮತ್ತು ನಮ್ಮ ಶಾಲೆಗಳು

(ಗಿರಣಿ ಕೆಲಸಗಾರರು ಹಾಗೂ ಸಣ್ಣ ವ್ಯಾಪಾರಿಗಳು ಸೇರಿದ್ದ ಪಾಲಕರ ಸಭೆಯಲ್ಲಿ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರೊಬ್ಬರು ಮಾಡಿದ ಭಾಷಣ. ಸಭೆಗೆ ಬರಲಾಗದ ವಾಚಕರ ಅಪೇಕ್ಷೆಯ ಮೇರೆಗೆ ಇಲ್ಲಿ ಪ್ರಕಟಿಸಿದ್ದೇವೆ. — ಸಂ.)



ಈ ವೇದಿಕೆಯ ಮೇಲೆ ಕೂಲಿ, ಬೋನಸ್ಸು, ರೇಷನ್ನು, ಬೆಲೆಯೇರಿಕೆ ಇವುಗಳ ಮಾತು ನಡೆಯುವುದು ವಾಡಿಕೆ. ಇಂದು ಮಕ್ಕಳ ಮಾತನ್ನಾಡಲು ನನ್ನನ್ನು ಕರೆದಿದ್ದೀರಿ. ನಾನೇನೂ ದೊಡ್ಡ ವಿದ್ವಾಂಸನಲ್ಲ. ಬಡವರ ಓಣಿಯ ಶಾಲೆಯಲ್ಲಿ ಬಹಳ ವರ್ಷ ಸೀಮೆಸುಣ್ಣ ಹಿಡಿದವನು. ನಾನು ಕಲಿಸಿದ್ದಕ್ಕಿಂತ ಮಕ್ಕಳಿಂದ ಕಲಿತದ್ದೇ ಹೆಚ್ಚು. ಅದರಲ್ಲಿ ಒಂದು ಪಾಠವನ್ನು ತೀರ ತಡವಾಗಿ ಕಲಿತೆ. ಅದನ್ನೇ ಇಂದು ತಮ್ಮ ಮುಂದೆ ಇಡುತ್ತೇನೆ.

ನಮ್ಮ ಪ್ರತಿಯೊಂದು ಶಾಲೆಯಲ್ಲೂ, ಪ್ರತಿಯೊಂದು ತರಗತಿಯಲ್ಲೂ, ಹಿಂದಿನ ಸಾಲಿನಲ್ಲಿ ಒಂದೆರಡು ಮಕ್ಕಳು ಕುಳಿತಿರುತ್ತಾರೆ. ಒಬ್ಬನಿಗೆ ಲೆಕ್ಕ ಬಾಯಲ್ಲಿ ಬರುತ್ತದೆ, ಅಕ್ಷರ ಮಾತ್ರ ಕೈಗೆ ಸಿಗುವುದಿಲ್ಲ. ಇನ್ನೊಬ್ಬಳು ಐದು ನಿಮಿಷ ಒಂದೆಡೆ ಕೂರಲಾರಳು. ಮತ್ತೊಬ್ಬ ಯಾರೊಡನೆಯೂ ಬೆರೆಯುವುದಿಲ್ಲ, ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಂಡು ಕೂಗುತ್ತಾನೆ. ಇವರೆಲ್ಲರಿಗೂ ನಾವು ಇಟ್ಟ ಹೆಸರು ಒಂದೇ: ‘ದಡ್ಡ’. ಆ ಒಂದು ಮಾತಿನಿಂದ ಮೇಷ್ಟ್ರ ಹೊಣೆ ಮುಗಿಯಿತು, ತಂದೆಯ ಹೊಣೆ ಮುಗಿಯಿತು, ಸರಕಾರದ ಹೊಣೆಯೂ ಮುಗಿಯಿತು. ಮುಗಿಯದೆ ಉಳಿದದ್ದು ಆ ಮಗುವಿನ ಕಷ್ಟ ಮಾತ್ರ.

ನನ್ನದೇ ಒಂದು ತಪ್ಪು

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ತರಗತಿಯಲ್ಲಿ ಹಮಾಲರೊಬ್ಬರ ಮಗನಿದ್ದ. ಮಗ್ಗಿಯನ್ನು ನೀರು ಕುಡಿದ ಹಾಗೆ ಒಪ್ಪಿಸುತ್ತಿದ್ದ. ಕತೆ ಹೇಳಿದರೆ ಒಂದು ಮಾತೂ ಬಿಡದೆ ಮರುದಿನ ಹೇಳುತ್ತಿದ್ದ. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ಕಲ್ಲಾಗುತ್ತಿದ್ದ. ‘ಹಾಲು’ ಎಂಬುದು ‘ಹಲು’ ಆಗುತ್ತಿತ್ತು, ‘ಕಲ್ಲು’ ಎಂಬುದು ‘ಕಲು’ ಆಗುತ್ತಿತ್ತು. ‘ಮ’ಕ್ಕೂ ‘ಯ’ಕ್ಕೂ, ‘ಪ’ಕ್ಕೂ ‘ವ’ಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನಿನ್ನೆ ಓದಿದ ಸಾಲು ಇಂದು ಹೊಸತಾಗಿ ಕಾಣುತ್ತಿತ್ತು. ಇಷ್ಟು ಚುರುಕಾದ ಹುಡುಗ ಓದುವುದಿಲ್ಲವೆಂದರೆ ಸೊಕ್ಕೇ ಇರಬೇಕೆಂದು ನಾನು ತಿಳಿದೆ. ಹೊಡೆದೆ. ಎಲ್ಲರೆದುರು ನಿಲ್ಲಿಸಿ ಗಟ್ಟಿಯಾಗಿ ಓದಿಸಿದೆ. ತರಗತಿ ನಕ್ಕಿತು. ಆರನೆಯ ತರಗತಿಗೆ ಬರುವ ಹೊತ್ತಿಗೆ ಹುಡುಗ ಶಾಲೆ ಬಿಟ್ಟ. ಹಾಜರಿ ಪುಸ್ತಕದಲ್ಲಿ ಒಂದು ಕೆಂಪು ಗೀಟು ಎಳೆದು ನಾನೂ ಅವನನ್ನು ಮರೆತೆ.

ನನ್ನ ನಿವೃತ್ತಿಗೆ ಕೆಲವು ವರ್ಷ ಇರುವಾಗ ಆತ ಎರಡನೆಯ ತರಗತಿಯ ಮಗಳ ಕೈ ಹಿಡಿದುಕೊಂಡು ಶಾಲೆಯ ಬಾಗಿಲಲ್ಲಿ ನಿಂತ. ಮಂಡಿಯಲ್ಲಿ ಹಮಾಲಿ. ಇನ್ನೂರು ಚೀಲದ ಎಣಿಕೆ ಆತನ ತಲೆಯಲ್ಲಿರುತ್ತದೆ, ಗುಮಾಸ್ತ ತಪ್ಪಿದರೂ ಆತ ತಪ್ಪುವುದಿಲ್ಲ ಎಂದು ಮಂಡಿಯವರು ಹೇಳುತ್ತಾರೆ. ಆದರೆ ಕೂಲಿ ಚೀಟಿಯಲ್ಲಿ ಏನು ಬರೆದಿದೆ ಎಂದು ಓದಲು ಬಾರದು. ಸಾಲದ ಕಾಗದವೊಂದಕ್ಕೆ ಓದದೆ ಸಹಿ ಹಾಕಿ ಎರಡು ವರ್ಷ ಬಡ್ಡಿ ಕಟ್ಟಿದವನು. ಆತ ನನಗೆ ಹೇಳಿದ್ದು ಇಷ್ಟೇ: “ಮೇಷ್ಟ್ರೆ, ನನಗೆ ಹೊಡದ್ರಿ, ಅದು ಆಗಿಹೋತು. ಇದಕ್ಕೆ ಹೊಡೀಬ್ಯಾಡ್ರಿ. ನನಗಿದ್ದ ತ್ರಾಸೇ ಇದಕ್ಕೂ ಐತಿ.”

ಸಂಗಾತಿಗಳೇ, ಪುಸ್ತಕ ಓದಿದ ನನಗೆ ಗೊತ್ತಿರದಿದ್ದ ಒಂದು ಸತ್ಯವನ್ನು ಪುಸ್ತಕ ಓದಲಾಗದ ಆ ಮನುಷ್ಯ ಕಂಡುಕೊಂಡಿದ್ದ. ಈ ತೊಡಕು ಅನೇಕ ವೇಳೆ ಕುಟುಂಬದಲ್ಲಿ ಹರಿದು ಬರುತ್ತದೆ. ಹೊಡೆತಕ್ಕೆ ಹೋಗುವುದಿಲ್ಲ. ಸೊಕ್ಕಿಗೂ ಅದಕ್ಕೂ ಸಂಬಂಧವಿಲ್ಲ.

ಇದು ಶಾಪವಲ್ಲ

ಈ ಸತ್ಯ ಹೊಸತೂ ಅಲ್ಲ. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು 14 ವರ್ಷದ ಹುಡುಗನೊಬ್ಬನ ವಿಷಯವನ್ನು ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹುಡುಗ ಬುದ್ಧಿವಂತ, ಕಣ್ಣು ಸರಿಯಿದೆ, ಲೆಕ್ಕ ಬರುತ್ತದೆ. ಆದರೆ ‘ಪರ್ಸಿ’ ಎಂಬ ತನ್ನ ಹೆಸರನ್ನೇ ‘ಪ್ರೆಸಿ’ ಎಂದು ಬರೆಯುತ್ತಾನೆ. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆದಿದ್ದರೆ ಶಾಲೆಗೆಲ್ಲ ಇವನೇ ಜಾಣನಾಗುತ್ತಿದ್ದ ಎಂದು ಅವನ ಮೇಷ್ಟ್ರೇ ಹೇಳಿದ್ದರಂತೆ. ಈ ಓದಿನ ತೊಡಕಿಗೆ ಡಿಸ್ಲೆಕ್ಸಿಯಾ ಎಂದು ಹೆಸರು. ಅಂಕಿಗಳಲ್ಲಿ ಬರುವ ತೊಡಕು, ಬರೆವಣಿಗೆಯಲ್ಲಿ ಬರುವ ತೊಡಕು ಇವೂ ಇವೆ. ಎಲ್ಲವನ್ನೂ ಸೇರಿಸಿ ಕಾನೂನು ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎನ್ನುತ್ತದೆ. ಗಮನ ನಿಲ್ಲದೆ, ಮೈ ಅಡಗದೆ ಇರುವ ಮಕ್ಕಳ ಸ್ಥಿತಿಗೆ ಎ.ಡಿ.ಎಚ್.ಡಿ. ಎನ್ನುತ್ತಾರೆ. ಜನರೊಡನೆ ಬೆರೆಯುವ, ಮಾತನ್ನು ಗ್ರಹಿಸುವ, ಸದ್ದು-ಬೆಳಕನ್ನು ತಾಳುವ ರೀತಿಯೇ ಬೇರೆಯಾಗಿರುವುದಕ್ಕೆ ಆಟಿಸಂ ಎನ್ನುತ್ತಾರೆ. 1990ರ ದಶಕದ ಕೊನೆಯಿಂದ ಇವೆಲ್ಲಕ್ಕೂ ಸೇರಿ ‘ನರವೈವಿಧ್ಯ’ ಎಂಬ ಮಾತು ಬಳಕೆಗೆ ಬಂದಿದೆ. ಮನುಷ್ಯರ ಮುಖ ಒಂದೇ ತೆರನಾಗಿಲ್ಲದ ಹಾಗೆ ಮಿದುಳಿನ ಕೆಲಸದ ರೀತಿಯೂ ಒಂದೇ ತೆರನಾಗಿಲ್ಲ ಎಂಬುದು ಅದರ ತಾತ್ಪರ್ಯ.

ಇದಕ್ಕೆ ತಾಯಿ ಗ್ರಹಣ ನೋಡಿದ್ದು ಕಾರಣವಲ್ಲ, ದೃಷ್ಟಿ ತಗುಲಿದ್ದು ಕಾರಣವಲ್ಲ, ಲಸಿಕೆ ಹಾಕಿಸಿದ್ದು ಕಾರಣವಲ್ಲ. ಒಂದು ಕಾಲದಲ್ಲಿ ಪಶ್ಚಿಮ ದೇಶಗಳ ಪಂಡಿತರೂ ತಾಯಿಯ ಪ್ರೀತಿ ಸಾಲದ್ದರಿಂದ ಆಟಿಸಂ ಬರುತ್ತದೆ ಎಂದು ಬರೆದು ಎಷ್ಟೋ ತಾಯಂದಿರನ್ನು ಅಳಿಸಿದರು. ಆ ಮಾತು ಸುಳ್ಳೆಂದು ಸಿದ್ಧವಾಗಿ ದಶಕಗಳೇ ಕಳೆದಿವೆ. ಇಲ್ಲಿರುವ ತಾಯಂದಿರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಇದು ನಿಮ್ಮ ತಪ್ಪಲ್ಲ. ಇನ್ನೊಂದು ಎಚ್ಚರಿಕೆ. ನೆನಪಿನ ಶಕ್ತಿಯ ಟಾನಿಕ್ಕು, ಬುದ್ಧಿ ಬೆಳೆಸುವ ಪುಡಿ ಎಂದು ಮಾರುವವರ ಕೈಗೆ ವಾರದ ಕೂಲಿ ಕೊಡಬೇಡಿ. ಓದಿನ ತೊಡಕಿಗೆ ಗುಳಿಗೆಯಿಲ್ಲ. ಎ.ಡಿ.ಎಚ್.ಡಿ.ಗೆ ಕೆಲವು ಮಕ್ಕಳಿಗೆ ಔಷಧಿ ಬೇಕಾಗಬಹುದು. ಅದನ್ನು ತಜ್ಞ ವೈದ್ಯರೇ ನೋಡಿ ಕೊಡಬೇಕು. ಎಲ್ಲಕ್ಕೂ ಮೊದಲು ಮಗುವಿನ ಕಣ್ಣು ಮತ್ತು ಕಿವಿ ಪರೀಕ್ಷೆ ಮಾಡಿಸಿ. ಹಲಗೆ ಕಾಣದ ಮಗುವನ್ನೂ, ಹಸಿದು ಬಂದ ಮಗುವನ್ನೂ ದಡ್ಡರ ಸಾಲಿನಲ್ಲಿ ಕೂರಿಸಿದ ಪಾಪ ನಮ್ಮ ಶಾಲೆಗಳಿಗಿದೆ.

ಗಿರಣಿಯಿಂದ ಒಂದು ಪಾಠ

ಇಲ್ಲಿ ನೂಲಿನ ಗಿರಣಿಯಲ್ಲಿ ದುಡಿದವರಿದ್ದೀರಿ. ಹತ್ತಿಯ ಎಳೆ ಗಿಡ್ಡವಿದ್ದರೆ ರೋಲರುಗಳ ನಡುವಿನ ಅಂತರವನ್ನು ಒಂದು ರೀತಿ ಹೊಂದಿಸುತ್ತೀರಿ, ಎಳೆ ಉದ್ದವಿದ್ದರೆ ಇನ್ನೊಂದು ರೀತಿ. ನೂಲಿನ ನಂಬರು ಬದಲಾದರೆ ಹುರಿಯ ಲೆಕ್ಕವೂ ಬದಲಾಗುತ್ತದೆ. ಎಳೆ ಹರಿಯುತ್ತಲೇ ಇದ್ದರೆ ಯಂತ್ರದ ಹೊಂದಾಣಿಕೆಯನ್ನು ನೋಡುತ್ತೀರಿ. ಬೆತ್ತ ಹಿಡಿದು ಹತ್ತಿಗೆ ಹೊಡೆದವರನ್ನು ನಾನು ಕಂಡಿಲ್ಲ. ವ್ಯಾಪಾರಿ ಬಂಧುಗಳೂ ಎಣ್ಣೆಯನ್ನು ಮೀಟರಿನಲ್ಲಿ ಅಳೆಯುವುದಿಲ್ಲ, ಬಟ್ಟೆಯನ್ನು ಲೀಟರಿನಲ್ಲಿ ಕೊಡುವುದಿಲ್ಲ. ಜಡ ವಸ್ತುವಿಗೆ ನಾವು ತೋರಿಸುವ ಈ ವಿವೇಕವನ್ನು ಮಗುವಿಗೆ ಏಕೆ ತೋರಿಸುವುದಿಲ್ಲ? ನಲವತ್ತು ಮಕ್ಕಳಿಗೆ ಒಂದೇ ವೇಗ, ಒಂದೇ ಪುಸ್ತಕ, ಮೂರು ಗಂಟೆಯ ಒಂದೇ ಪರೀಕ್ಷೆ. ಎಳೆ ಹರಿದರೆ ತಪ್ಪು ಹತ್ತಿಯದು!

ಅಳತೆಗೋಲಿನ ಚರಿತ್ರೆಯನ್ನೂ ಸ್ವಲ್ಪ ನೋಡೋಣ. 1905ರಲ್ಲಿ ಪ್ಯಾರಿಸಿನ ಆಲ್ಫ್ರೆಡ್ ಬಿನೆ ತನ್ನ ಜೊತೆಗಾರ ಸಿಮೋನನೊಡನೆ ಬುದ್ಧಿಶಕ್ತಿಯ ಪರೀಕ್ಷೆಯೊಂದನ್ನು ತಯಾರಿಸಿದ. ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಎಂದು ಗುರುತಿಸಲು ಆತ ಅದನ್ನು ಮಾಡಿದ. ಬುದ್ಧಿ ಎಂಬುದು ಹುಟ್ಟಿನೊಂದಿಗೇ ಅಳೆದಿಟ್ಟ ಸರಕು ಎಂಬ ಮಾತನ್ನು ಆತನೇ ವಿರೋಧಿಸಿದ್ದ. ಆದರೆ ಅಮೆರಿಕದಲ್ಲಿ ಅದೇ ಗೋಲನ್ನು ಹಿಡಿದು ಬಡ ವಲಸಿಗರಿಗೆ ‘ಮಂದಬುದ್ಧಿ’ ಎಂಬ ಮುದ್ರೆ ಒತ್ತಿದರು. ಕೈ ಹಿಡಿಯಲು ಮಾಡಿದ ಸಾಧನ ಹೊರದೂಡುವ ಸಾಧನವಾಯಿತು. ನಮ್ಮ ಪರೀಕ್ಷೆಗಳ ಕತೆಯೂ ಇದೇ.

ಇದಕ್ಕೆ ಪ್ರತಿಯಾದ ಚರಿತ್ರೆಯೂ ಇದೆ. ಇಟಲಿಯ ಡಾಕ್ಟರ್ ಮರಿಯಾ ಮಾಂಟೆಸರಿ ‘ಬುದ್ಧಿಹೀನ’ರೆಂದು ಹುಚ್ಚಾಸ್ಪತ್ರೆಗೆ ನೂಕಿದ್ದ ಮಕ್ಕಳಿಗೆ ಕೈಯಿಂದ ಮುಟ್ಟಿ ಕಲಿಯುವ ಸಾಮಗ್ರಿಗಳನ್ನು ಕೊಟ್ಟರು. ಆ ಮಕ್ಕಳಲ್ಲಿ ಕೆಲವರು ಓದು ಬರಹ ಕಲಿತು ಇತರ ಮಕ್ಕಳ ಜೊತೆಗೇ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಊರೆಲ್ಲ ಅವರನ್ನು ಹೊಗಳುತ್ತಿದ್ದಾಗ ಆಕೆಗೆ ಬೇರೆಯೇ ಪ್ರಶ್ನೆ ಹುಟ್ಟಿತು: ಹೀಗಾದರೆ, ಆರೋಗ್ಯವಂತ ಮಕ್ಕಳನ್ನು ನಮ್ಮ ಶಾಲೆಗಳು ಇಷ್ಟು ಕೆಳಗೆ ಹಿಡಿದಿಟ್ಟಿರುವುದು ಏಕೆ? 1907ರ ಜನವರಿಯಲ್ಲಿ ರೋಮ್ ನಗರದ ಸಾನ್ ಲೊರೆಂಜೊ ಎಂಬ ಕೂಲಿಕಾರರ ಕೇರಿಯಲ್ಲಿ, ತಂದೆತಾಯಿ ಕೆಲಸಕ್ಕೆ ಹೋದ ಮೇಲೆ ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳಿಗಾಗಿ ಆಕೆ ಮಕ್ಕಳ ಮನೆಯನ್ನು ತೆರೆದರು. 1939ರಲ್ಲಿ ಮದ್ರಾಸಿಗೆ ಬಂದು ಯುದ್ಧದ ವರ್ಷಗಳಲ್ಲೆಲ್ಲ ಭಾರತದಲ್ಲಿದ್ದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಕೂಲಿಕಾರರ ಕೇರಿಯಲ್ಲಿ ಹುಟ್ಟಿದ ಆ ಪದ್ಧತಿಯ ಹೆಸರು ಇಂದು ನಮ್ಮ ಊರುಗಳಲ್ಲಿ ಯಾವ ಶಾಲೆಗಳ ಬೋರ್ಡಿನ ಮೇಲಿದೆ, ಅಲ್ಲಿ ಫೀಸು ಎಷ್ಟಿದೆ ಎಂಬುದನ್ನು ನೀವೇ ನೋಡಿ. ನಮ್ಮದನ್ನೇ ನಮಗೆ ಮಾರುತ್ತಿದ್ದಾರೆ.

ಉಳ್ಳವರ ಮಗು, ಇಲ್ಲದವರ ಮಗು

ತೊಡಕು ಜಾತಿಯನ್ನೂ ವರ್ಗವನ್ನೂ ನೋಡಿ ಬರುವುದಿಲ್ಲ. ಬಂಗಲೆಯಲ್ಲೂ ಬರುತ್ತದೆ, ಗುಡಿಸಲಲ್ಲೂ ಬರುತ್ತದೆ. ಬಂದ ಮೇಲಿನ ಕತೆ ಮಾತ್ರ ಬೇರೆ ಬೇರೆ. ಉಳ್ಳವರ ಮಗನಿಗೆ ಬೆಂಗಳೂರಿನಲ್ಲಿ ಪರೀಕ್ಷೆ, ಪ್ರಮಾಣಪತ್ರ, ಮನೆಗೆ ಬರುವ ವಿಶೇಷ ಶಿಕ್ಷಕಿ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ. ನಮ್ಮ ಮಗನಿಗೆ ಬೆತ್ತ, ನಗೆ, ಕೊನೆಗೆ ಗ್ಯಾರೇಜು. ಒಂದೇ ತೊಡಕು, ಅಲ್ಲಿ ಅದಕ್ಕೆ ಚಿಕಿತ್ಸೆಯ ಹೆಸರು, ಇಲ್ಲಿ ಅದಕ್ಕೆ ಬೈಗುಳದ ಹೆಸರು.

ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಮಗನಿಗೆ ಓದು ಹತ್ತುವುದಿಲ್ಲವೆಂದು ಗಲ್ಲಾದ ಮೇಲೆ ಕೂರಿಸುವುದು ಸುಲಭ. 2016ರ ಬಾಲಕಾರ್ಮಿಕ ಕಾನೂನು ಮನೆತನದ ಕಸುಬಿಗೆ ಬಿಟ್ಟುಕೊಟ್ಟ ಸಂದು ಶಾಲೆ ಮುಗಿದ ಮೇಲಿನ ಹೊತ್ತಿಗೆ, ರಜೆಯ ದಿನಗಳಿಗೆ ಮಾತ್ರ. ಶಾಲೆ ಬಿಡಿಸಲು ಅದು ಪರವಾನಗಿಯಲ್ಲ. ಕೆಲವರು ಸಾಲ ಮಾಡಿ ಇಂಗ್ಲಿಷ್ ಶಾಲೆಗೆ ಸೇರಿಸುತ್ತೀರಿ. ಓದಿನ ತೊಡಕಿರುವ ಮಗುವಿಗೆ ಅದು ಎರಡು ಮೂಟೆ ಹೊರಿಸಿದ ಹಾಗೆ. ನಮ್ಮ ಕನ್ನಡದಲ್ಲಿ ಹೆಚ್ಚುಕಡಿಮೆ ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ಹತ್ತು ದನಿ. ಮನೆಯಲ್ಲಿ ಕೇಳದ ಭಾಷೆಯಲ್ಲಿ ಅದನ್ನು ಕಲಿಯಬೇಕು. ಹಾಗೆಂದು ಕನ್ನಡವೂ ಹಗುರವೆಂದು ತಿಳಿಯಬೇಡಿ. 49 ಅಕ್ಷರಗಳಾದ ಮೇಲೆ ಗುಣಿತ ಸೇರಿದರೆ ನಾನೂರಕ್ಕೂ ಮೇಲೆ ರೂಪಗಳಾಗುತ್ತವೆ, ಅದರ ಮೇಲೆ ಒತ್ತಕ್ಷರ. ಇವೆಲ್ಲ ಕೈವಶವಾಗಲು ಸಾಧಾರಣ ಮಗುವಿಗೂ ಮೂರು ನಾಲ್ಕು ವರ್ಷ ಬೇಕು. ಒಂದನೆಯ ತರಗತಿಯಲ್ಲೇ ಎಲ್ಲ ಬರಬೇಕೆಂದು ಅವಸರ ಪಟ್ಟರೆ ತೊಡಕಿಲ್ಲದ ಮಗುವಿಗೂ ತೊಡಕಾಗುತ್ತದೆ.

2007ರಲ್ಲಿ ‘ತಾರೇ ಜಮೀನ್ ಪರ್’ ಎಂಬ ಹಿಂದಿ ಚಿತ್ರ ಬಂದಿತು. ನಿಮ್ಮಲ್ಲಿ ಅನೇಕರು ನೋಡಿ ಕಣ್ಣೊರೆಸಿಕೊಂಡಿದ್ದೀರಿ. ಡಿಸ್ಲೆಕ್ಸಿಯಾ ಎಂಬ ಮಾತನ್ನು ಮನೆಮನೆಗೆ ಮುಟ್ಟಿಸಿದ ಉಪಕಾರ ಆ ಚಿತ್ರದ್ದು. ಆದರೆ ಅದರಲ್ಲಿ ಹುಡುಗ ಹಾಸ್ಟೆಲಿನ ಖಾಸಗಿ ಶಾಲೆಯಲ್ಲಿ ಓದುವವನು; ಕೊನೆಗೆ ಚಿತ್ರಕಲೆಯಲ್ಲಿ ಬಹುಮಾನ ಗೆಲ್ಲುತ್ತಾನೆ. ನನ್ನ ಪ್ರಶ್ನೆ ಇದು: ಬಹುಮಾನ ಗೆಲ್ಲದ ಮಗುವಿನ ಗತಿಯೇನು? ನಿಧಾನವಾಗಿ ಓದುವ, ಯಾವ ವಿಶೇಷ ಪ್ರತಿಭೆಯೂ ಇಲ್ಲದ, ಸಾಧಾರಣ ಮಗುವೊಂದು ಇರಬಾರದೇ? ಬಹಳಷ್ಟು ನೆರವು ಜೀವನಪೂರ್ತಿ ಬೇಕಾಗುವ ಮಗುವೂ ಇರುತ್ತದೆ. ಅದಕ್ಕೂ ಬೆಂಚಿನ ಮೇಲೆ ಜಾಗ ಬೇಕು. ನಮ್ಮ ಪಕ್ಷ ಕೂಲಿ ಕೇಳುವಾಗ ಮನುಷ್ಯನ ಹಕ್ಕೆಂದು ಕೇಳುತ್ತದೆಯೇ ಹೊರತು ಜಾಣತನದ ಇನಾಮೆಂದು ಕೇಳುವುದಿಲ್ಲ. ಶಾಲೆಯ ಜಾಗವನ್ನೂ ಹಾಗೆಯೇ ಕೇಳಬೇಕು.

ತರಗತಿಯಲ್ಲಿ ಏನು ಮಾಡಬಹುದು

‘ಇದಕ್ಕೆಲ್ಲ ದುಡ್ಡು ಎಲ್ಲಿದೆ?’ ಎಂದು ಅಧಿಕಾರಿಗಳು ಕೇಳುತ್ತಾರೆ. ಆ ಹಮಾಲಿಯ ಮಗಳಿಗೆ ಓದು ಕಲಿಸಲು ನಾನು ಖರ್ಚು ಮಾಡಿದ್ದು ಒಂದು ತಟ್ಟೆ, ಅರ್ಧ ಕಿಲೊ ರವೆ. ರವೆಯ ಮೇಲೆ ಬೆರಳಿನಿಂದ ಅಕ್ಷರ ತಿದ್ದಬೇಕು, ತಿದ್ದುತ್ತಾ ಬಾಯಲ್ಲಿ ಹೇಳಬೇಕು. ಕಣ್ಣು, ಕಿವಿ, ಬೆರಳು ಮೂರೂ ಒಟ್ಟಿಗೆ ಕಲಿಯುತ್ತವೆ. ಒಂದೇ ಹೋಲಿಕೆಯ ಅಕ್ಷರಗಳನ್ನು ಒಂದೇ ವಾರದಲ್ಲಿ ಕಲಿಸಬಾರದು; ‘ಮ’ ಗಟ್ಟಿಯಾದ ಮೇಲೆ ‘ಯ’. ಹಸ್ವ-ದೀರ್ಘಕ್ಕೆ ಚಪ್ಪಾಳೆ: ‘ಹ’ಕ್ಕೆ ಒಂದು, ‘ಹಾ’ಕ್ಕೆ ಎರಡು. ಓದುವ ಸಾಲಿನ ಕೆಳಗೆ ಒಂದು ಪಟ್ಟಿ ಹಿಡಿದರೆ ಕಣ್ಣು ಮುಂದಿನ ಸಾಲಿಗೆ ಜಾರುವುದಿಲ್ಲ. ಹೇಳದೆ ಕೇಳದೆ ಎಬ್ಬಿಸಿ ಎಲ್ಲರೆದುರು ಓದಿಸಬಾರದು. ವಿಜ್ಞಾನದ ಉತ್ತರದಲ್ಲಿ ಕಾಗುಣಿತ ತಪ್ಪಿದರೆ ವಿಜ್ಞಾನದ ಅಂಕ ಕಳೆಯಬಾರದು. ಪ್ರಶ್ನೆಯನ್ನು ಓದಿ ಹೇಳಿ, ಉತ್ತರವನ್ನು ಬಾಯಲ್ಲಿ ಕೇಳಿದರೆ ಆ ಮಗುವಿಗೆ ಏನು ಗೊತ್ತಿದೆ ಎಂಬುದು ಹೊರಗೆ ಬರುತ್ತದೆ. ಅಂಕಿಯಲ್ಲಿ ಎಡವುವ ಮಗುವಿಗೆ ಹುಣಸೆ ಬೀಜ, ಕಡ್ಡಿಯ ಕಟ್ಟು, ಅಂಗಡಿಯ ಚಿಲ್ಲರೆ ಇವೇ ಪುಸ್ತಕ.

ಕೂರಲಾರದ ಮಗುವನ್ನು ಬಾಗಿಲು ಕಿಟಕಿಗಳಿಂದ ದೂರ, ಮೇಷ್ಟ್ರ ಹತ್ತಿರ ಕೂರಿಸಿ. ಇಪ್ಪತ್ತು ಲೆಕ್ಕವನ್ನು ಒಟ್ಟಿಗೆ ಕೊಡದೆ ಐದೈದಾಗಿ ಕೊಡಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ನಡುನಡುವೆ ಹಲಗೆ ಒರೆಸಲು, ಪುಸ್ತಕ ಹಂಚಲು ಆ ಮಗುವನ್ನೇ ಕಳಿಸಿ. ಮೈಗೆ ಕೆಲಸ ಸಿಕ್ಕಿದರೆ ಮನಸ್ಸು ಮರಳಿ ಬರುತ್ತದೆ. ಶಿಕ್ಷೆಯೆಂದು ಆಟದ ಗಂಟೆ ಕಸಿದುಕೊಳ್ಳುವುದು ಉರಿಯುವ ಒಲೆಗೆ ಎಣ್ಣೆ ಹೊಯ್ದಂತೆ.

ಆಟಿಸಂ ಇರುವ ಮಗುವಿಗೆ ದಿನದ ಕ್ರಮ ಮುಖ್ಯ. ಬೆಳಿಗ್ಗೆ ಏನು, ಊಟದ ನಂತರ ಏನು ಎಂಬುದನ್ನು ಚಿತ್ರದಲ್ಲಿ ಬರೆದು ಗೋಡೆಗೆ ಹಚ್ಚಿ. ಬದಲಾವಣೆ ಇದ್ದರೆ ಮೊದಲೇ ತಿಳಿಸಿ. ಗಂಟೆಯ ಹತ್ತಿರದ ಕೋಣೆ ಬೇಡ. ಗದ್ದಲ ತಾಳಲಾರದಾಗ ಹೋಗಿ ಕೂರಲು ಒಂದು ಮೂಲೆ ಇರಲಿ. ‘ನನ್ನ ಮುಖ ನೋಡಿ ಮಾತಾಡು’ ಎಂದು ಬಲವಂತ ಬೇಡ; ನೆಲ ನೋಡುತ್ತಲೇ ಆ ಮಗು ಕೇಳುತ್ತಿರಬಹುದು. ಮಾತು ನೇರವಾಗಿರಲಿ. ‘ತಲೆ ತಿನ್ನಬೇಡ’ ಎಂದು ನಾನೊಮ್ಮೆ ಅಂಥ ಹುಡುಗನನ್ನು ಗದರಿಸಿದಾಗ ಅವನು ಗಾಬರಿಯಾಗಿ “ನಾನು ಉಪ್ಪಿಟ್ಟು ತಿಂದಿದ್ದು ಸಾರ್” ಎಂದ. ತರಗತಿ ನಕ್ಕಿತು. ಅವನು ಹೇಳಿದ್ದು ನಿಜವಾಗಿತ್ತು, ಹೇಳಲು ಬಾರದವನು ನಾನು.

ಇವೆಲ್ಲ ಪರದೇಶದ ಆಡಂಬರವೂ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲೆಗಳ ಮೇಷ್ಟ್ರುಗಳು ‘ನಲಿ-ಕಲಿ’ಯನ್ನು ಆರಂಭಿಸಿದರು. ಪಾಠವನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಒಡೆದು, ಕಲಿಕೆಯ ಏಣಿ ಮಾಡಿ, ಪ್ರತಿಯೊಂದು ಮಗುವೂ ತನ್ನ ಮೆಟ್ಟಿಲಿನಿಂದ ತನ್ನ ವೇಗದಲ್ಲಿ ಹತ್ತುವಂತೆ ಮಾಡಿದರು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ಹಬ್ಬಿತು. ವೇಗ ಎಲ್ಲರಿಗೂ ಒಂದೇ ಇರಬೇಕಾಗಿಲ್ಲ ಎಂಬುದನ್ನು ಕಾಡಂಚಿನ ತಾಲೂಕಿನ ಬಡ ಶಾಲೆಗಳೇ ತೋರಿಸಿಕೊಟ್ಟವು.

ಕಾನೂನು ನಮ್ಮ ಕಡೆಗಿದೆ

2009ರ ಶಿಕ್ಷಣ ಹಕ್ಕು ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ 17ನೆಯ ಕಲಮು ಮಗುವಿಗೆ ಹೊಡೆಯುವುದನ್ನೂ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ಎ.ಡಿ.ಎಚ್.ಡಿ.ಯನ್ನು ಮಾತ್ರ ಪ್ರತ್ಯೇಕವಾಗಿ ಸೇರಿಸಿಲ್ಲ. ಅದು ಸೇರಬೇಕೆಂದು ನಾವು ಒತ್ತಾಯಿಸಬೇಕು.

ಆ ಕಾಯಿದೆಯ 16ನೆಯ ಕಲಮನ್ನು ಪಾಲಕರು ಬಾಯಿಪಾಠ ಮಾಡಬೇಕು. ಸರಕಾರದ ಹಣ ಪಡೆಯುವ ಅಥವಾ ಸರಕಾರದ ಮಾನ್ಯತೆ ಪಡೆದ ಯಾವ ಶಾಲೆಯೇ ಆಗಲಿ ಭೇದಭಾವವಿಲ್ಲದೆ ಇಂಥ ಮಕ್ಕಳನ್ನು ಸೇರಿಸಿಕೊಳ್ಳಬೇಕು. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಕ್ರಮ ಕೈಗೊಳ್ಳಬೇಕು. ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಇದು ಅನ್ವಯಿಸುತ್ತದೆ. ‘ನಿಮ್ಮ ಮಗ ನಮ್ಮ ಶಾಲೆಗೆ ಹೊಂದುವುದಿಲ್ಲ, ಟಿ.ಸಿ. ತೆಗೆದುಕೊಂಡು ಹೋಗಿ’ ಎಂದು ಹೇಳುವ ಅಧಿಕಾರ ಅವರಿಗಿಲ್ಲ. 17ನೆಯ ಕಲಮಿನಲ್ಲಿ ಪರೀಕ್ಷೆಗೆ ಹೆಚ್ಚಿನ ಸಮಯ, ಬರೆಯಲು ಸಹಾಯಕ, ಎರಡನೆಯ ಮೂರನೆಯ ಭಾಷೆಯಿಂದ ವಿನಾಯಿತಿ ಇವುಗಳ ಮಾತಿದೆ. ಬರೆಯಲು ಕೈ ಸೆಡೆಯುವ ಅಭ್ಯರ್ಥಿಯೊಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ ಇನ್ನೂ ಮುಂದೆ ಹೋಗಿ, ಇಷ್ಟು ಶೇಕಡಾ ನ್ಯೂನತೆ ಇದ್ದರೆ ಮಾತ್ರ ಬರೆಯುವ ಸಹಾಯಕ ಎಂಬ ವಾದವನ್ನು ತಳ್ಳಿಹಾಕಿತು.

ಇದನ್ನು ಪಡೆಯುವ ದಾರಿಯನ್ನೂ ಹೇಳುತ್ತೇನೆ. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿ.ಆರ್.ಸಿ.ಯಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಬಿ.ಐ.ಇ.ಆರ್.ಟಿ. ಎಂಬ ಶಿಕ್ಷಕರಿರುತ್ತಾರೆ. ಮುಖ್ಯೋಪಾಧ್ಯಾಯರ ಮೂಲಕ ಅವರನ್ನು ಕರೆಸಿ. ಮಕ್ಕಳ ಆರೋಗ್ಯ ತಪಾಸಣೆಗೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ನಿಮ್ಮ ಮಗುವಿನ ತೊಡಕನ್ನು ಬಾಯಿಬಿಟ್ಟು ಹೇಳಿ. ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಮಗುವಿಗೆ 8 ವರ್ಷವಾದ ಮೇಲೆ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದರ ಪರೀಕ್ಷಾ ಕ್ರಮವನ್ನೇ ರೂಪಿಸಿದೆ. ಮಾತು ಮತ್ತು ಶ್ರವಣದ ತೊಂದರೆಗಳಿಗೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿಸಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆದರೆ ಪ್ರಮಾಣಪತ್ರ ಬರುವವರೆಗೆ ಮೇಷ್ಟ್ರು ಕೈಕಟ್ಟಿ ಕೂರಬೇಕಾಗಿಲ್ಲ. ರವೆಯ ತಟ್ಟೆಗೆ ಯಾವ ಪ್ರಮಾಣಪತ್ರವೂ ಬೇಡ.

ಮೇಷ್ಟ್ರೂ ದುಡಿಯುವವನೇ

ಇಲ್ಲಿಗೆ ನನ್ನ ಮಾತನ್ನು ಕೇಳಿ ನೀವೆಲ್ಲ ನಾಳೆ ಬೆಳಿಗ್ಗೆ ಮೇಷ್ಟ್ರ ಮೇಲೆ ಜಗಳಕ್ಕೆ ಹೋಗಬಾರದು. ಒಂದು ಕೋಣೆಯಲ್ಲಿ ಎರಡು ತರಗತಿ, ಅದರ ಮೇಲೆ ಜನಗಣತಿ, ಚುನಾವಣೆಯ ಕೆಲಸ, ಬಿಸಿಯೂಟದ ಲೆಕ್ಕ. ಖಾಲಿ ಹುದ್ದೆಗಳನ್ನು ವರ್ಷ ವರ್ಷ ಅತಿಥಿ ಶಿಕ್ಷಕರಿಂದ ತುಂಬುತ್ತಾರೆ. ಬೇಸಿಗೆ ಬಂದರೆ ಅವರಿಗೆ ಸಂಬಳವಿಲ್ಲ. ಗಿರಣಿಯ ಬದಲಿ ಕೆಲಸಗಾರನ ಪಾಡು ನಿಮಗೆ ಗೊತ್ತು. ಅತಿಥಿ ಶಿಕ್ಷಕನ ಪಾಡೂ ಅದೇ. ಇಡೀ ತಾಲೂಕಿಗೆ ಬೆರಳೆಣಿಕೆಯ ವಿಶೇಷ ಶಿಕ್ಷಕರನ್ನಿಟ್ಟು ಎಲ್ಲ ಮಕ್ಕಳನ್ನೂ ಒಳಗೊಂಡಿದ್ದೇವೆ ಎಂದರೆ ಅದು ಕಾಗದದ ಮೇಲಿನ ಒಳಗೊಳ್ಳುವಿಕೆ.

ಇದಕ್ಕೂ ನ್ಯಾಯಾಲಯದ ಆಜ್ಞೆ ಇದೆ. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ವಿಶೇಷ ಶಿಕ್ಷಕರ ಪ್ರಮಾಣವನ್ನು ಗೊತ್ತುಮಾಡಬೇಕೆಂದು ಹೇಳಿತು. 2022ರಲ್ಲಿ ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿತು: ಒಂದರಿಂದ ಐದನೆಯ ತರಗತಿಯವರೆಗೆ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಆರರಿಂದ ಎಂಟರವರೆಗೆ 15 ಮಕ್ಕಳಿಗೆ ಒಬ್ಬ. 2025ರ ಮಾರ್ಚಿನಲ್ಲಿ ಕೋರ್ಟು ಮತ್ತೆ ರಾಜ್ಯಗಳನ್ನು ಕರೆದು, ಹುದ್ದೆಗಳೆಷ್ಟು ಎಂದು ಪ್ರಕಟಿಸಿ ಭರ್ತಿ ಮಾಡಿ ಎಂದು ಗಡುವು ಕೊಡಬೇಕಾಯಿತು. ಒಂದೇ ಮಾತನ್ನು ಕೋರ್ಟು ಎರಡೆರಡು ಸಲ ಹೇಳಬೇಕಾದರೆ ಕಲಿಕೆಯ ತೊಡಕು ಯಾರಿಗಿದೆ ಎಂದು ನೀವೇ ತೀರ್ಮಾನಿಸಿ.

ನಾವು ಮಾಡಬೇಕಾದದ್ದು

ಆದುದರಿಂದ ಈ ಸಭೆಯ ಮುಂದೆ ನಾಲ್ಕು ಸಲಹೆಗಳನ್ನಿಡುತ್ತೇನೆ.

ಒಂದು: ಸರಕಾರಿ ಶಾಲೆಯ ಎಸ್.ಡಿ.ಎಂ.ಸಿ.ಯಲ್ಲಿ ಪಾಲಕರೇ ಹೆಚ್ಚು ಮಂದಿ. ಅದರ ಸಭೆಗೆ ಬಿಡದೆ ಹೋಗಬೇಕು. ಶಾಲೆಯಲ್ಲಿ ಇಂಥ ಮಕ್ಕಳೆಷ್ಟು, ವಿಶೇಷ ಶಿಕ್ಷಕರು ಈ ತಿಂಗಳು ಎಷ್ಟು ಸಲ ಬಂದರು ಎಂದು ಕೇಳಿ ನಡಾವಳಿಯಲ್ಲಿ ಬರೆಸಬೇಕು. ಎರಡು: ಅಧಿಸೂಚನೆಯ ಪ್ರಮಾಣದಂತೆ ವಿಶೇಷ ಶಿಕ್ಷಕರನ್ನು ಕಾಯಂ ಆಗಿ ನೇಮಿಸಬೇಕೆಂದು ಕಾರ್ಮಿಕ ಸಂಘವೂ ವರ್ತಕರ ಸಂಘವೂ ಸೇರಿ ಜಿಲ್ಲಾ ಪಂಚಾಯಿತಿಗೆ ಮನವಿ ಕೊಡಬೇಕು. ಮೂರು: ಪರೀಕ್ಷೆ, ಪ್ರಮಾಣಪತ್ರಕ್ಕೆಂದು ಕೂಲಿ ಕಳೆದುಕೊಂಡು ಬೆಂಗಳೂರಿಗೆ ಅಲೆಯುವುದು ತಪ್ಪಬೇಕು, ಜಿಲ್ಲಾ ಆಸ್ಪತ್ರೆಯಲ್ಲೇ ಗೊತ್ತಾದ ದಿನ ಅದು ನಡೆಯಬೇಕು. ನಾಲ್ಕು: ಇದಕ್ಕೆ ಯಾರ ಅಪ್ಪಣೆಯೂ ಬೇಡ, ದುಡ್ಡೂ ಬೇಡ. ಇಂದಿನಿಂದ ನಮ್ಮ ಮನೆಯಲ್ಲಿ, ನಮ್ಮ ಓಣಿಯಲ್ಲಿ ‘ದಡ್ಡ’ ಎಂಬ ಮಾತನ್ನು ಬಿಡಬೇಕು.

ಸಮಾನತೆ ಎಂದರೆ ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸುವುದೆಂದು ಕೆಲವರು ತಿಳಿದಿದ್ದಾರೆ. ದರ್ಜಿ ಹಾಗೆ ಮಾಡಿದರೆ ಅರ್ಧ ಊರು ಬರಿಮೈಯಲ್ಲಿ ತಿರುಗಬೇಕಾಗುತ್ತದೆ. ಯಾರ ಮೈಯೂ ಬರಿದಾಗಿ ಉಳಿಯಬಾರದು ಎಂಬುದು ನಮ್ಮ ಸಮಾಜವಾದದ ಲೆಕ್ಕ. ಅಳತೆ ಬೇರೆಯಾದರೆ ಹೊಲಿಗೆಯೂ ಬೇರೆಯಾಗಬೇಕು.

ಆ ಹಮಾಲಿಯ ಮಗಳ ವಿಷಯ ಹೇಳಿ ಮುಗಿಸುತ್ತೇನೆ. ಅವಳೀಗ ಏಳನೆಯ ತರಗತಿಯಲ್ಲಿದ್ದಾಳೆ. ಪವಾಡವೇನೂ ನಡೆದಿಲ್ಲ. ಇಂದಿಗೂ ನಿಧಾನವಾಗಿಯೇ ಓದುತ್ತಾಳೆ, ಸಾಲಿನ ಕೆಳಗೆ ಪಟ್ಟಿ ಹಿಡಿದೇ ಓದುತ್ತಾಳೆ, ಒತ್ತಕ್ಷರ ಬಂದಲ್ಲಿ ನಿಂತು ಯೋಚಿಸುತ್ತಾಳೆ. ಹೋದ ತಿಂಗಳು ಆಕೆಯ ತಂದೆ ಸಿಕ್ಕಿದ್ದ. ಯಾವುದೋ ಸಂಘದಿಂದ ಸಾಲ ತೆಗೆಯಬೇಕಾಗಿತ್ತಂತೆ. ಕಾಗದವನ್ನು ಮನೆಗೆ ತಂದನಂತೆ. ಮಗಳು ಪಟ್ಟಿ ಹಿಡಿದು, ಒಂದೊಂದೇ ಸಾಲು, ಮುಕ್ಕಾಲು ಗಂಟೆ ಓದಿದಳಂತೆ. ಬಡ್ಡಿ ಎಷ್ಟೆಂದು ಗೊತ್ತಾದ ಮೇಲೆ ಆತ ಸಹಿ ಹಾಕದೆ ಕಾಗದವನ್ನು ಹಿಂದಿರುಗಿಸಿದನಂತೆ.

ಮುಕ್ಕಾಲು ಗಂಟೆಯಾದರೇನು, ಓದಿದಳು. ಅವಳ ತಂದೆಗೂ ಆ ಮುಕ್ಕಾಲು ಗಂಟೆಯನ್ನು ನಾನು ಅಂದು ಕೊಡಬಹುದಾಗಿತ್ತು, ಕೊಡಲಿಲ್ಲ. ನಿಮ್ಮ ಮಕ್ಕಳ ವಿಷಯದಲ್ಲಿ ಇನ್ನಾವ ಮೇಷ್ಟ್ರೂ, ಇನ್ನಾವ ಸರಕಾರವೂ ಆ ತಪ್ಪು ಮಾಡದಂತೆ ನೋಡಿಕೊಳ್ಳುವ ಭಾರ ನಿಮ್ಮ ಮೇಲಿದೆ.